ಬಾಗಿಲು ಕಾಯ್ದವನು, ಗೋಡೆ ಬರೆದವನು

1571ರ ಜನವರಿ. ಬಿಜಾಪುರದ ಅಲಿ ಆದಿಲ್ ಶಾಹನ ದಂಡು ಗೋವೆಯನ್ನು ಮುತ್ತಿ ಕೂತಿತ್ತು. ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ವಿಜಯನಗರ ಮುರಿದುಬಿದ್ದು ಆರು ವರ್ಷವಾಗಿತ್ತು. ಕೃಷ್ಣೆ ಮತ್ತು ಘಟಪ್ರಭೆಯ ದಂಡೆಗಳ ನಮ್ಮ ಸೀಮೆ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಿನ ನೆಲವೆಲ್ಲ, ಆಗ ಬಿಜಾಪುರದ ಆಳ್ವಿಕೆಯಲ್ಲಿತ್ತು. ಗೋವೆಯ ಒಳಗೆ ಪೋರ್ಚುಗೀಸ್ ವೈಸರಾಯ್ ಲೂಯಿಸ್ ದ ಅತಾಯಿದೆ ಹಟ ಹಿಡಿದು ನಿಂತಿದ್ದ. ವರ್ಷವಿಡೀ ಕಾದರೂ ಊರು ಬೀಳಲಿಲ್ಲ. ಕೊನೆಗೆ ಸಂಧಾನವಾಗಿ ದಂಡು ಮರಳಿತು.

ಈ ಮುತ್ತಿಗೆಯ ಕಥೆ ಎಲ್ಲ ಇತಿಹಾಸದ ಪುಸ್ತಕಗಳಲ್ಲೂ ಸಿಗುತ್ತದೆ. ಅದೇ ಜನವರಿಯ 31ರಂದು ಸ್ಪೇನಿನ ವಲೆನ್ಸಿಯಾದಲ್ಲಿ ಇನ್ನೊಂದು ಘಟನೆ ನಡೆಯಿತು. ಅದನ್ನು ಅಂದು ಯಾರೂ ಗಮನಿಸಲಿಲ್ಲ. ವ್ಯಾಪಾರ ಕೈಕೊಟ್ಟು, ಹೆಂಡತಿ ಮಕ್ಕಳನ್ನು ಮಣ್ಣು ಮಾಡಿ, ನಲವತ್ತರ ಹತ್ತಿರ ಬಂದಿದ್ದ ಒಬ್ಬ ಬಟ್ಟೆ ವ್ಯಾಪಾರಿಯನ್ನು ಯೇಸುಸಭೆ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದವರು ತಮ್ಮ ಮಠದ ಚಾಕರಿಗೆ ಸೇರಿಸಿಕೊಂಡರು. ಪಾದ್ರಿಯಾಗಿ ಅಲ್ಲ, 'ಬ್ರದರ್' ಆಗಿ. ಅವನೇ ಅಲ್ಫೋನ್ಸೊ ರೊಡ್ರಿಗೆಸ್. ಇಂದು ಯೇಸುಸಭೆಯ ಬ್ರದರುಗಳಿಗೆಲ್ಲ ಅವನೇ ಪಾಲಕ ಸಂತ.

ಅಲ್ಫೋನ್ಸೊ ಹುಟ್ಟಿದ ಸೆಗೋವಿಯಾ ಉಣ್ಣೆಯ ಊರು. 16ನೇ ಶತಮಾನದಲ್ಲಿ ಸ್ಪೇನಿನ ಬಟ್ಟೆ ಉದ್ಯಮದ ದೊಡ್ಡ ಕೇಂದ್ರಗಳಲ್ಲಿ ಅದೂ ಒಂದು. ನೂಲುವವರು, ಬಣ್ಣ ಹಾಕುವವರು, ನೇಯುವವರು, ಮಾರುವವರು ಎಲ್ಲರ ಹೊಟ್ಟೆಪಾಡೂ ಒಂದೇ ಎಳೆಗೆ ಗಂಟು ಬಿದ್ದಿರುವ ಇಂಥ ಊರಿನ ಸ್ವಭಾವವನ್ನು ರಬಕವಿ-ಬನಹಟ್ಟಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಂದೆ ದಿಯೇಗೊ ಉಣ್ಣೆ ಬಟ್ಟೆಯ ವ್ಯಾಪಾರಿ, ಅನುಕೂಲಸ್ಥ. ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೊಲಾನ ಮೊದಲ ಸಂಗಾತಿಗಳಲ್ಲಿ ಒಬ್ಬನಾದ ಪೀಟರ್ ಫೇಬರ್ ಒಮ್ಮೆ ಆ ಮನೆಯಲ್ಲಿ ಇಳಿದುಕೊಂಡಿದ್ದ. ಹುಡುಗನನ್ನು ಮೊದಲ ಪರಮಪ್ರಸಾದಕ್ಕೆ ಅವನೇ ಸಿದ್ಧಗೊಳಿಸಿದ. ಓದಲೆಂದು ಅಲ್ಕಲಾಕ್ಕೆ ಹೋದ ಹುಡುಗ, ತಂದೆ ತೀರಿಕೊಂಡದ್ದರಿಂದ ಓದು ಬಿಟ್ಟು ಮನೆಗೆ ಬಂದ. ಅಂಗಡಿ ಹೆಗಲಿಗೆ ಬಿತ್ತು. ಮರಿಯಾ ಸುವಾರೆಸ್ ಎಂಬವಳನ್ನು ಮದುವೆಯಾದ. ಮಕ್ಕಳಾದವು.

ಆಮೇಲೆ ಎಲ್ಲವೂ ಒಂದರ ಹಿಂದೊಂದು ಹೋಯಿತು. ತೆರಿಗೆಯ ಭಾರ, ಕುಸಿದ ವ್ಯಾಪಾರ. ಮಗಳು ಸತ್ತಳು, ಹೆಂಡತಿ ಸತ್ತಳು, ತಾಯಿ ಸತ್ತಳು. ಉಳಿದಿದ್ದ ಮಗನೂ ಹೋದ. ಮೂವತ್ತು ದಾಟಿದ ಹೊತ್ತಿಗೆ ಅವನ ಬಳಿ ಉಳಿದದ್ದು ಜಪ ಮತ್ತು ಉಪವಾಸ ಮಾತ್ರ. ಅದನ್ನು ಅವನು ಎಷ್ಟು ಕಠೋರವಾಗಿ ಮಾಡಿದನೆಂದರೆ ಆರೋಗ್ಯವೂ ಕೆಟ್ಟಿತು.

ಯೇಸುಸಭೆಗೆ ಸೇರಬೇಕೆಂದು ಕೇಳಿದಾಗ ಬೇಡವೆಂದರು. ಪಾದ್ರಿಯಾಗಲು ಲ್ಯಾಟಿನ್ ಬಾರದು, ಬ್ರದರ್ ಆಗಲು ದೇಹದಲ್ಲಿ ಕಸುವಿಲ್ಲ, ವಯಸ್ಸೂ ಮೀರಿತ್ತು. ವಲೆನ್ಸಿಯಾಕ್ಕೆ ಹೋಗಿ ಸಣ್ಣ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಲ್ಯಾಟಿನ್ ವ್ಯಾಕರಣ ಕಲಿಯಲು ನೋಡಿದ. ಹುಡುಗರು ನಕ್ಕರು. ಎರಡನೆಯ ಬಾರಿ ಅರ್ಜಿ ಹಾಕಿದಾಗಲೂ ಪರೀಕ್ಷಿಸಿದವರು ಒಪ್ಪಲಿಲ್ಲ. ಕೊನೆಗೆ ಪ್ರಾಂತದ ಮುಖ್ಯಸ್ಥನೇ ಅವರ ಮಾತನ್ನು ತಳ್ಳಿಹಾಕಿದನಂತೆ. ಪಾದ್ರಿಯಾಗಲೂ ಬ್ರದರ್ ಆಗಲೂ ಯೋಗ್ಯನಲ್ಲದಿದ್ದರೆ ಸಂತನಾಗಲೆಂದೇ ಸೇರಿಸಿಕೊಳ್ಳೋಣ ಎಂದನಂತೆ. ಇದು ಆಮೇಲೆ ಕಟ್ಟಿದ ಮಾತಿರಬಹುದು. ಸಂತರ ಚರಿತ್ರೆಗಳಲ್ಲಿ ಇಂಥ ಮುಂಗಾಣ್ಕೆಯ ಮಾತುಗಳು ಬೇಕಾದಷ್ಟು ಸಿಗುತ್ತವೆ.

ಅಲ್ಲಿಂದ ಮೆಡಿಟರೇನಿಯನ್ನಿನ ಮಯೋರ್ಕಾ ದ್ವೀಪ. ಪಾಲ್ಮಾ ಪಟ್ಟಣದ ಮೊಂತೆಸಿಯೋನ್ ಕಾಲೇಜಿನಲ್ಲಿ ಅವನಿಗೆ ಸಿಕ್ಕ ಕೆಲಸ ಬಾಗಿಲು ಕಾಯುವುದು. ಕದ ತಟ್ಟಿದವರಿಗೆ ತೆಗೆಯುವುದು, ಒಳಗಿನವರಿಗೆ ಸುದ್ದಿ ಮುಟ್ಟಿಸುವುದು, ಭಿಕ್ಷೆಗೆ ಬಂದವರಿಗೆ ಅನ್ನ ಹಾಕುವುದು, ದುಃಖ ಹೇಳಿಕೊಳ್ಳಲು ಬಂದವರ ಮಾತು ಕೇಳುವುದು. ದ್ವೀಪಕ್ಕೆ ಹೋದ ಮೇಲೆ ಅವನು ಬದುಕಿದ್ದು 46 ವರ್ಷ. ಅದರಲ್ಲಿ ಬಹುಪಾಲು ಆ ಬಾಗಿಲಲ್ಲೇ ಕಳೆಯಿತು. ಯಾರು ಕದ ತಟ್ಟಿದರೂ ದೇವರೇ ಹೊರಗೆ ನಿಂತಿದ್ದಾನೆಂದು ಭಾವಿಸಿ 'ಬಂದೆ ಸ್ವಾಮಿ' ಎನ್ನುತ್ತ ಏಳುತ್ತಿದ್ದನೆಂದು ಅವನ ಚರಿತ್ರೆಗಳು ಹೇಳುತ್ತವೆ. ಈ ಶಾಂತ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಉಂಟು. ಮೇಲಿನವರು ಹೇಳಿದ್ದರಿಂದ ಮುದುಕನಾದ ಮೇಲೆ ಅವನು ತನ್ನ ಒಳಗಿನ ಬದುಕಿನ ಬಗ್ಗೆ ಬರೆದಿಟ್ಟ. ಅದರಲ್ಲಿ ಕಾಣುವುದು ವರ್ಷಗಟ್ಟಲೆ ಮನಸ್ಸಿನ ತಳಮಳ, ಪ್ರಲೋಭನೆ, ಒಣಗಿದ ಪ್ರಾರ್ಥನೆ. ಹೊರಗೆ ನೋಡಿದರೆ ದಿನವೆಲ್ಲ ಕದ ತೆಗೆಯುವ, ಹಾಕುವ ಕೆಲಸ. ಒಳಗೆ ಸತತ ಕಾಳಗ.

ಆ ಬಾಗಿಲಿಂದ 1605ರಲ್ಲಿ ಒಳಗೆ ಬಂದ ವಿದ್ಯಾರ್ಥಿಗಳಲ್ಲಿ ಪೀಟರ್ ಕ್ಲಾವರ್ ಎಂಬ ಕ್ಯಾಟಲನ್ ಯುವಕ ಇದ್ದ. ಅನುಮಾನಗಳ ಹುಡುಗ, ಏನಾಗಬೇಕೆಂದು ತನಗೇ ಗೊತ್ತಿಲ್ಲ. ಸಂಜೆ ಹೊತ್ತು ಬಾಗಿಲ ಮುದುಕನ ಜೊತೆ ಕೂತು ಮಾತಾಡುವ ಅಭ್ಯಾಸವಾಯಿತು. ಅಮೆರಿಕಕ್ಕೆ ಹೋಗು, ಅಲ್ಲಿ ನಿನಗೆ ಕೆಲಸವಿದೆ ಎಂದು ಮುದುಕ ಬೆನ್ನು ಹತ್ತಿದ. 1610ರಲ್ಲಿ ಕ್ಲಾವರ್ ಇಂದಿನ ಕೊಲಂಬಿಯಾದ ಕಾರ್ತಹೇನಾ ಬಂದರಿಗೆ ಹೊರಟ. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರನ್ನು ಹಡಗುಕಟ್ಟೆಯಲ್ಲೇ ಎದುರುಗೊಂಡು, ಹಣ್ಣು ನೀರು ಮದ್ದು ಕೊಟ್ಟು, ಅವರ ಸೇವೆಯಲ್ಲೇ ನಲವತ್ತು ವರ್ಷ ಸವೆಸಿ 1654ರಲ್ಲಿ ಸತ್ತ. ಪೋರ್ಚುಗೀಸರು ಇದೇ ವ್ಯಾಪಾರವನ್ನು ಹಿಂದೂ ಮಹಾಸಾಗರದಲ್ಲೂ ನಡೆಸುತ್ತಿದ್ದರು. ಹಾಗೆ ಗೋವೆಗೆ ಬಂದವರ ವಂಶದವರೆಂದು ಹೇಳಲಾಗುವ ಸಿದ್ದಿಗಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಕನ್ನಡ-ಕೊಂಕಣಿ ಮಾತಾಡಿಕೊಂಡಿದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ಯಾಥೊಲಿಕರು ಮೂವರೂ ಇದ್ದಾರೆ. ಮುಂಡಗೋಡದ ಲೊಯೊಲಾ ವಿಕಾಸ ಕೇಂದ್ರದ ಮೂಲಕ ಅವರ ನಡುವೆ ಕೆಲಸ ಮಾಡುತ್ತಿರುವವರು ಯೇಸುಸಭೆಯವರೇ.

ಅಲ್ಫೋನ್ಸೊ 1617ರ ಅಕ್ಟೋಬರ್ ಕೊನೆಯಲ್ಲಿ ತೀರಿಕೊಂಡ. 1825ರಲ್ಲಿ ಧನ್ಯನೆಂಬ ಪಟ್ಟ. 1888ರ ಜನವರಿ 15ರಂದು ಪೋಪ್ ಹದಿಮೂರನೆಯ ಲಿಯೋ ಅವನನ್ನೂ ಕ್ಲಾವರನನ್ನೂ ಒಂದೇ ದಿನ ಸಂತರೆಂದು ಸಾರಿದ. ಬಾಗಿಲು ಕಾಯುವವನಿಗೂ ಅವನ ಮಾತು ಕೇಳಿ ಹಡಗು ಹತ್ತಿದವನಿಗೂ ಒಂದೇ ಸಮಾರಂಭ. ರೋಮಿನ ಕಡತಗಳು ಕೆಲವೊಮ್ಮೆ ಎಷ್ಟೇ ನಿಧಾನವಾದರೂ ಲೆಕ್ಕ ತಪ್ಪುವುದಿಲ್ಲ.

ಬ್ರದರ್ ಎಂದರೆ ಯಾರು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಕ್ಯಾಥೊಲಿಕ್ ಸನ್ಯಾಸಿ ಸಂಘಗಳಲ್ಲಿ ಗುರುದೀಕ್ಷೆ ಪಡೆದು ಬಲಿಪೂಜೆ ಅರ್ಪಿಸುವವರು ಒಂದು ಕಡೆ. ಅದೇ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟೂ ದೀಕ್ಷೆ ಇಲ್ಲದೆ, ಅಡುಗೆ, ಹೊಲ, ಬಡಗಿ ಕೆಲಸ, ಹೊಲಿಗೆ, ಆಸ್ಪತ್ರೆ, ಬಾಗಿಲು ನೋಡಿಕೊಳ್ಳುವವರು ಇನ್ನೊಂದು ಕಡೆ. ಈ ಏರ್ಪಾಡು ಗಟ್ಟಿಯಾದದ್ದು 12ನೇ ಶತಮಾನದಲ್ಲಿ, ಫ್ರಾನ್ಸಿನ ಸಿಸ್ಟರ್ಸಿಯನ್ ಮಠಗಳಲ್ಲಿ. ಅವರು ಓದುಬರಹ ಬಾರದ ರೈತರನ್ನು ಸಂಘದೊಳಗೆ ಸೇರಿಸಿಕೊಂಡರು. ಆದರೆ ಅವರಿಗೆ ಮಲಗುವ ಮನೆ ಬೇರೆ, ಊಟದ ಮನೆ ಬೇರೆ, ಗುಡಿಯೊಳಗೆ ನಿಲ್ಲುವ ಜಾಗವೂ ಬೇರೆ. ಮಠದ ಮುಖ್ಯಸ್ಥನನ್ನು ಆರಿಸುವಾಗ ಅವರಿಗೆ ಮಾತಿಲ್ಲ. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಅಂಬಿಗನನ್ನೂ ಮಡಿವಾಳನನ್ನೂ ಒಂದೇ ಗೋಷ್ಠಿಯಲ್ಲಿ ಕೂರಿಸಿದ್ದರು ಎಂಬುದು ಕೂಡಲಸಂಗಮದ ಸೀಮೆಯಲ್ಲಿ ಬೆಳೆದವನಿಗೆ ನೆನಪಾಗದೆ ಇರದು. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವ ಉದ್ದೇಶ ನನಗಿಲ್ಲ. ನಮ್ಮ ಗೋಷ್ಠಿಯ ಗತಿ ಮುಂದೆ ಏನಾಯಿತೆಂಬುದೂ ಗೊತ್ತಿರುವ ಕಥೆಯೇ.

ಯೇಸುಸಭೆ 1540ರಲ್ಲಿ ಹುಟ್ಟಿತು. ಆರು ವರ್ಷಕ್ಕೆ, 1546ರಲ್ಲಿ, ಮನೆಗೆಲಸ ನೋಡಿಕೊಳ್ಳುವ ಸಹಾಯಕರನ್ನು ಸೇರಿಸಿಕೊಳ್ಳಲು ಇಗ್ನೇಷಿಯಸ್ ಪೋಪನಿಂದ ಒಪ್ಪಿಗೆ ಪಡೆದ. ಅವನು ಬರೆದ ನಿಯಮಗಳಲ್ಲಿ ಇವರ ಬಗ್ಗೆ ಒಂದು ಮಾತಿದೆ: ಸೇರುವಾಗ ಎಷ್ಟು ಓದು ಇತ್ತೋ ಅದಕ್ಕಿಂತ ಹೆಚ್ಚಿನದನ್ನು ಬಯಸಬಾರದು. ಅಷ್ಟೊಂದು ಕಾಲೇಜುಗಳನ್ನು ಕಟ್ಟಿದ ಸಂಘ ತನ್ನದೇ ಬ್ರದರಿಗೆ ಹಾಕಿದ ಗೆರೆ ಇದು. ಇದನ್ನು ವಿನಯದ ಪಾಠವೆಂದು ವಿವರಿಸಿದವರಿದ್ದಾರೆ. ನನಗೆ ಅದು ಆ ಕಾಲದ ಯುರೋಪು ತನ್ನ ದುಡಿಯುವ ಜನರಿಗೆ ಹಾಕಿದ್ದ ಗೆರೆಯಂತೆಯೇ ಕಾಣುತ್ತದೆ. ಮಠದ ಗೋಡೆ ಅದನ್ನು ಹೊರಗೆ ತಡೆಯಲಿಲ್ಲ, ಅಷ್ಟೆ.

ಮಠದ ಹೊರಗೇ ಇದ್ದು, ಸಂಸಾರ ಮಾಡಿಕೊಂಡೇ ಒಂದು ಸಂಘದ ನೇಮಕ್ಕೆ ಒಳಪಡುವ ಶ್ರೀಸಾಮಾನ್ಯರ ದಾರಿ ಬೇರೆ. ಅಸ್ಸಿಸಿಯ ಫ್ರಾನ್ಸಿಸನ ಅನುಯಾಯಿಗಳಲ್ಲಿ ಇದಕ್ಕೆ ಮೂರನೆಯ ಸಭೆ ಎಂದು ಹೆಸರು. ಅದರ ಮೊದಲ ನಿಯಮಾವಳಿ 1221ರದು. ಇದಕ್ಕೆ ಪಾಲಕರಾಗಿ ಸಿಕ್ಕವರು ರಾಜಮನೆತನದವರು: ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ, ಮತ್ತು ಗಂಡ ಸತ್ತ ಮೇಲೆ ಮಾರ್ಬುರ್ಗಿನಲ್ಲಿ ಆಸ್ಪತ್ರೆ ಕಟ್ಟಿ ರೋಗಿಗಳ ಸೇವೆ ಮಾಡಿ 24ನೇ ವಯಸ್ಸಿಗೆ ತೀರಿಕೊಂಡ ಹಂಗೇರಿಯ ರಾಜಕುಮಾರಿ ಎಲಿಜಬೆತ್. ಲೂಯಿ ನಿಜವಾಗಿ ಆ ಸಭೆಗೆ ಸೇರಿದ್ದನೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಕರ್ನಾಟಕದಲ್ಲಿ ಈ ಮೂರನೆಯ ದಾರಿಯಿಂದ ಬೆಳೆದ ದೊಡ್ಡ ಸಂಸ್ಥೆ ಎಂದರೆ ಮಂಗಳೂರಿನ ಅಪೋಸ್ತಲಿಕ್ ಕಾರ್ಮೆಲ್. ಅದು ಕಾರ್ಮೆಲ್ ಸಂಘದ ಮೂರನೆಯ ಸಭೆಗೆ ಸೇರಿದ್ದು. ಅದನ್ನು ಕಟ್ಟಿದ ಮದರ್ ವೆರೋನಿಕಾ ಕಳಿಸಿದ ಮೂವರು ಸಿಸ್ಟರುಗಳು 1870ರ ನವೆಂಬರಿನಲ್ಲಿ ಮಂಗಳೂರು ಮುಟ್ಟಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅದೇ ಒಂದು ದೊಡ್ಡ ಕಥೆ, ಇಲ್ಲಿ ಹಿಡಿಸದು.

ಮತ್ತೆ ಬ್ರದರುಗಳ ಕಡೆಗೆ. ಅವರಿಗೆ ಓದಿನ ಬಾಗಿಲು ಮುಚ್ಚಿದ್ದರೂ ಕೈಕಸುಬಿನ ಬಾಗಿಲು ತೆರೆದಿತ್ತು. ನಮ್ಮ ಕರಾವಳಿ ಮತ್ತು ಗೋವೆಯ ಇತಿಹಾಸದಲ್ಲಿ ಅವರ ಕೈಗುರುತು ಎಲ್ಲೆಲ್ಲಿಯೋ ಕಾಣಿಸಿಕೊಳ್ಳುತ್ತದೆ. ಭಾರತದ ಮೊದಲ ಮುದ್ರಣ ಯಂತ್ರ 1556ರ ಸೆಪ್ಟೆಂಬರಿನಲ್ಲಿ ಗೋವೆಗೆ ಬಂತು. ಅದು ಹೊರಟದ್ದು ಇಥಿಯೋಪಿಯಾಕ್ಕೆ, ಇಳಿದದ್ದು ಇಲ್ಲಿ. ಅದನ್ನು ನಡೆಸಿದವನು ಹುವಾನ್ ದ ಬುಸ್ತಮಾಂತೆ ಎಂಬ ಸ್ಪೇನಿನ ಬ್ರದರ್. ಭಾರತದ ಭಾಷೆಯೊಂದರ ಲಿಪಿಗೆ ಮೊದಲು ಸೀಸದ ಅಚ್ಚು ಕೊರೆದವರಲ್ಲೂ ಒಬ್ಬ ಬ್ರದರ್ ಇದ್ದಾನೆ: ಜುವಾವ್ ಗೊನ್ಸಾಲ್ವಿಸ್, ಕಮ್ಮಾರಿಕೆ ಬಲ್ಲವನು. ಅವನು ಎರಕ ಹೊಯ್ದದ್ದು ತಮಿಳು ಅಕ್ಷರಗಳನ್ನು. 1578ರಲ್ಲಿ ಕೊಲ್ಲಂನಲ್ಲಿ ಅಚ್ಚಾದ 'ತಂಬಿರಾನ್ ವಣಕ್ಕಂ' ಆ ಕೆಲಸದ ಫಲ. ಪುಸ್ತಕದ ಹೆಸರಿನ ಜೊತೆ ನೆನಪಾಗುವವನು ಅದನ್ನು ಅನುವಾದಿಸಿದ ಪಾದ್ರಿ ಹೆನ್ರಿಕ್ ಹೆನ್ರಿಕೆಸ್. ಅಕ್ಷರ ಕೊರೆದವನನ್ನು ಮುದ್ರಣದ ಇತಿಹಾಸ ಓದುವವರು ಮಾತ್ರ ಬಲ್ಲರು.

ಫ್ರಾನ್ಸಿಸ್ಕೊ ಅರಾನ್ಯಾ ಎಂಬ ಇನ್ನೊಬ್ಬ ಬ್ರದರ್ ಗೋವೆಯ ಸಾಲ್ಸೆಟ್ಟಿಯಲ್ಲಿ ಚರ್ಚುಗಳನ್ನು ಕಟ್ಟುತ್ತಿದ್ದ ವಾಸ್ತುಗಾರ. ಸಾಲ್ಸೆಟ್ಟಿ ಬಿಜಾಪುರದವರ ಕೈಯಿಂದ ಪೋರ್ಚುಗೀಸರಿಗೆ ಹೋದದ್ದು 1543ರಲ್ಲಿ. ಆಮೇಲೆ ಅಲ್ಲಿನ ದೇವಸ್ಥಾನಗಳನ್ನು ಕೆಡವಿದರು. 1583ರ ಜುಲೈನಲ್ಲಿ ಕುಂಕಳ್ಳಿಯಲ್ಲಿ ಚರ್ಚಿಗೆ ಜಾಗ ನೋಡಲು ಹೋದ ಐವರು ಯೇಸುಸಭೆಯವರನ್ನು ಊರವರು ಕೊಂದರು. ನಾಲ್ವರು ಪಾದ್ರಿಗಳು, ಐದನೆಯವನು ಅರಾನ್ಯಾ. ಸತ್ತವರನ್ನು 1893ರಲ್ಲಿ ಚರ್ಚು ಧನ್ಯರೆಂದು ಕರೆಯಿತು. ಸಂಧಾನಕ್ಕೆಂದು ಅಸೊಳ್ಣಾ ಕೋಟೆಗೆ ಕರೆಸಿ ಪೋರ್ಚುಗೀಸರು ಕೊಂದ ಊರಿನ ಮುಖಂಡರಿಗೆ ಕುಂಕಳ್ಳಿಯವರು ತಮ್ಮೂರಲ್ಲಿ ಸ್ಮಾರಕ ಕಟ್ಟಿಕೊಂಡಿದ್ದಾರೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಈ ಇತಿಹಾಸ ಅರ್ಧವಾಗುತ್ತದೆ.

ಇವರೆಲ್ಲರಲ್ಲಿ ನನಗೆ ಹೆಚ್ಚು ಬೆರಗು ಹುಟ್ಟಿಸುವವನು ಬೆಂತೊ ದ ಗೋಯಿಶ್. ಅಜೋರ್ಸ್ ದ್ವೀಪದವನು. ಸಿಪಾಯಿಯಾಗಿ ಭಾರತಕ್ಕೆ ಬಂದು, ಆ ಬದುಕು ಸಾಕಾಗಿ ಗೋವೆಯಲ್ಲಿ ಬ್ರದರ್ ಆದ. ಅಕ್ಬರನ ಆಸ್ಥಾನಕ್ಕೆ ಹೋದ ತಂಡದಲ್ಲಿದ್ದು ಪಾರಸಿ ಕಲಿತ. ಹಳೆಯ ಯಾತ್ರಿಕರು ವರ್ಣಿಸಿದ 'ಕ್ಯಾಥೇ' ಎಂಬ ದೇಶವೂ ಹಡಗಿನವರು ಕಂಡ ಚೀನವೂ ಒಂದೆಯೋ ಬೇರೆಯೋ ಎಂಬುದು ಆಗ ಬಗೆಹರಿಯದ ಪ್ರಶ್ನೆ. ಅದನ್ನು ನೆಲದ ದಾರಿಯಲ್ಲಿ ಹೋಗಿ ನೋಡಿಬರುವ ಕೆಲಸ ಬಿದ್ದದ್ದು ಈ ಬ್ರದರಿನ ಮೇಲೆ. 1602ರಲ್ಲಿ ಆಗ್ರಾ ಬಿಟ್ಟು, ಆರ್ಮೇನಿಯನ್ ವ್ಯಾಪಾರಿಯ ವೇಷ ಹಾಕಿ, ಅಬ್ದುಲ್ಲಾ ಎಂದು ಹೆಸರಿಟ್ಟುಕೊಂಡು, ಲಾಹೋರ್, ಕಾಬೂಲ್, ಯಾರ್ಕಂದ್ ದಾಟಿ ಚೀನದ ಗಡಿಯ ಸುಜೌ ಪಟ್ಟಣ ಮುಟ್ಟಿದ. ಅಲ್ಲಿ ಹಣ ಮುಗಿದು, ಕಾಯಿಲೆ ಬಿದ್ದ. ಬೀಜಿಂಗಿನಿಂದ ಯೇಸುಸಭೆಯ ಪಾದ್ರಿ ಮತ್ತೆಯೊ ರಿಚ್ಚಿ ಕಳಿಸಿದ ಚೀನೀ ಬ್ರದರ್ ಬಂದು ಮುಟ್ಟಿದ ಕೆಲವೇ ದಿನಕ್ಕೆ, 1607ರ ಏಪ್ರಿಲ್ 11ರಂದು ಕಣ್ಣುಮುಚ್ಚಿದ. ಎರಡೂ ದೇಶ ಒಂದೇ ಎಂಬುದು ಅವನ ನಡಿಗೆಯಿಂದ ಖಚಿತವಾಯಿತು. ಓದು ಹೆಚ್ಚಿಸಿಕೊಳ್ಳಬಾರದೆಂದು ನಿಯಮವಿದ್ದವನು ಯುರೋಪಿನ ಭೂಪಟ ತಿದ್ದಿದ.

ಚಿತ್ರಕಲೆಯಲ್ಲೂ ಹೀಗೇ. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಒಳಮಾಡಿನಲ್ಲಿ ಆಕಾಶವೇ ಬಿರಿದಂತೆ ಬರೆದ ಆಂದ್ರೆಯಾ ಪೊಝ್ಝೊ ಬ್ರದರ್. ಅದೇ ಚರ್ಚಿನಲ್ಲಿ ಗುಮ್ಮಟ ಕಟ್ಟಲು ಆಗದೆ ಹೋದಾಗ ಗುಮ್ಮಟವನ್ನೇ ಚಿತ್ರವಾಗಿ ಬರೆದು ನೋಡುವವರ ಕಣ್ಣಿಗೆ ಮಣ್ಣೆರಚಿದವನೂ ಅವನೇ. ಚೀನದ ಚಕ್ರವರ್ತಿ ಚಿಯೆನ್‌ಲುಂಗನ ಆಸ್ಥಾನದಲ್ಲಿ ಕುದುರೆಗಳನ್ನು ಬರೆದ ಜುಸೆಪ್ಪೆ ಕಾಸ್ತಿಲ್ಯೋನೆಯೂ ಬ್ರದರೇ.

ಈ ಸಾಲಿನಲ್ಲಿ ಕೊನೆಗೆ ಬಂದು ಕನ್ನಡ ನಾಡಿಗೆ ಸೇರಿದವನು ಅಂತೋನಿಯೊ ಮೊಸ್ಕೇನಿ. 1854ರ ಜನವರಿಯಲ್ಲಿ ಇಟಲಿಯ ಬೆರ್ಗಮೊ ಪಟ್ಟಣದ ಬಳಿಯ ಸ್ತೆಝ್ಝಾನೊದಲ್ಲಿ ಹುಟ್ಟಿದ. ಬೆರ್ಗಮೊದ ಕರ್ರಾರಾ ಕಲಾಶಾಲೆಯಲ್ಲಿ ಕಲಿತ, ರೋಮಿಗೆ ಹೋಗಿ ಹಳಬರ ಚಿತ್ರಗಳನ್ನು ಅಭ್ಯಾಸ ಮಾಡಿದ, ಊರಿಗೆ ಮರಳಿ ಚರ್ಚುಗಳಲ್ಲಿ ಚಿತ್ರ ಬರೆದು ಹೆಸರು ಮಾಡಿದ. ಕೈತುಂಬ ಕೆಲಸವಿದ್ದ ಹೊತ್ತಿನಲ್ಲೇ, 1889ರಲ್ಲಿ, 35ನೇ ವಯಸ್ಸಿಗೆ ಯೇಸುಸಭೆಗೆ ಬ್ರದರ್ ಆಗಿ ಸೇರಿದ. ಬಾಗಿಲು ಕಾಯುವ ಅಲ್ಫೋನ್ಸೊ ಸಂತಪದವಿಗೇರಿದ ಮರುವರ್ಷವಿದು. ತಮ್ಮವನೊಬ್ಬ ಹೀಗೆ ಮೇಲೇರಿದ ಸಂಭ್ರಮ ಬ್ರದರುಗಳ ನಡುವೆ ಇನ್ನೂ ಹಸಿಯಾಗಿದ್ದ ಕಾಲ.

ಮಂಗಳೂರಿಗೆ ಯೇಸುಸಭೆಯ ಮೊದಲ ತಂಡ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ಅದಕ್ಕೆ ಮೊದಲು ಅಲ್ಲಿನ ಉಸ್ತುವಾರಿ ಕಾರ್ಮೆಲ್ ಸಂಘದವರದು. ಹೊಸಬರು ವೆನಿಸ್ ಪ್ರಾಂತಕ್ಕೆ ಸೇರಿದವರು. ಅವರಲ್ಲಿ ಹೋಮಿಯೋಪತಿ ಮದ್ದಿನ ಪೆಟ್ಟಿಗೆ ಇಟ್ಟುಕೊಂಡು ಕಂಕನಾಡಿಯ ಆಸ್ಪತ್ರೆಗೆ ಮೊದಲಿಟ್ಟ ಅಗಸ್ಟಸ್ ಮುಲ್ಲರ್ ಇದ್ದರು. ಕೊಂಕಣಿ ವ್ಯಾಕರಣ ಬರೆದ ಆಂಜೆಲೊ ಮಾಫೆಯಿ ಇದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಗುಡ್ಡದ ಮೇಲೆ ಚಾಪೆಲ್ ಎದ್ದಿತು. ಒಳಗೆ ಮಾತ್ರ ಬರೀ ಗೋಡೆ. ಅದಕ್ಕೆ ಚಿತ್ರ ಬರೆಯಲೆಂದು ಇಟಲಿಯಿಂದ ಕರೆಸಿಕೊಂಡದ್ದು ಮೊಸ್ಕೇನಿಯನ್ನು. 1899ರಿಂದ 1901ರವರೆಗೆ ಅವನು ಅಟ್ಟಣಿಗೆ ಹತ್ತಿ ಇಳಿದ.

ಗೋಡೆಗಳ ಮೇಲೆ ಬರೆದದ್ದು ಹಸಿ ಗಾರೆಯ ಚಿತ್ರ. ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಒಣಗುವಾಗ ಸುಣ್ಣವೇ ಬಣ್ಣವನ್ನು ಹಿಡಿದು ಕಲ್ಲಾಗಿಸಿಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಮೆತ್ತಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಮೊದಲಿನಿಂದ. ಕರಾವಳಿಯ ತೇವ, ಮಳೆಗಾಲದ ನಾಲ್ಕು ತಿಂಗಳು, ಇವುಗಳ ನಡುವೆ ಇಟಲಿಯ ಒಣ ಹವೆಯ ವಿದ್ಯೆಯನ್ನು ಹೊಂದಿಸುವುದು ಸುಲಭದ ಮಾತಲ್ಲ. ಮಾಡಿನ ಚಿತ್ರಗಳನ್ನು ಕ್ಯಾನ್‌ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಕೂಡಿಸಿದ. ಸಪಾಟು ಗೋಡೆಯನ್ನು ಕೆತ್ತಿದ ಕಂಬದಂತೆ, ಉಬ್ಬುಶಿಲ್ಪದಂತೆ ಕಾಣಿಸುವ ಪೊಝ್ಝೊನ ಕಣ್ಕಟ್ಟು ಇಲ್ಲಿಯೂ ಇದೆ. ಚಾಪೆಲ್ ನೋಡಲು ಬರುವವರು ಇಂದಿಗೂ ಇದು ಕಲ್ಲೋ ಬಣ್ಣವೋ ಎಂದು ಕತ್ತು ಎತ್ತಿ ವಾದಿಸುತ್ತಾರೆ.

ಮಾಡಿನಲ್ಲಿರುವುದು ಅಲೋಶಿಯಸ್ ಗೊನ್ಜಾಗನ ಜೀವನ. ಇಟಲಿಯ ಒಂದು ಸಣ್ಣ ಸಂಸ್ಥಾನದ ಹಿರಿಯ ಮಗ. ಗಾದಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಗೆ ಸೇರಿದ. 1591ರಲ್ಲಿ ರೋಮಿನಲ್ಲಿ ಪ್ಲೇಗು ಹಬ್ಬಿದಾಗ ರೋಗಿಗಳನ್ನು ಹೊತ್ತು ಆಸ್ಪತ್ರೆ ಸೇರಿಸುತ್ತ ತಾನೂ ಹಾಸಿಗೆ ಹಿಡಿದು 23ನೇ ವಯಸ್ಸಿಗೆ ಸತ್ತ. ಮೊಸ್ಕೇನಿ ಈ ಪ್ಲೇಗಿನ ಚಿತ್ರ ಬರೆಯುವಾಗ ಕನ್ನಡ ನಾಡಿಗೆ ಅದು ಹಳೆಯ ರೋಮಿನ ಕಥೆಯಾಗಿರಲಿಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಹುಬ್ಬಳ್ಳಿ-ಧಾರವಾಡವನ್ನು ಬಾಚಿಕೊಂಡಿತ್ತು. ಬೆಳಗಾವಿ, ಬಿಜಾಪುರದ ಕಡೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ. ಅದರ ಬೆನ್ನಿಗೇ 1899-1900ರ ಬರ. ರೋಗಿಯನ್ನು ಮುಟ್ಟಿ ಎತ್ತುವವನ ಚಿತ್ರಕ್ಕೆ ಆ ವರ್ಷಗಳಲ್ಲಿ ಇದ್ದ ಅರ್ಥ ಇಂದು ಮೊಬೈಲಿನಲ್ಲಿ ಫೋಟೊ ತೆಗೆಯುವ ನಮಗೆ ಪೂರಾ ದಕ್ಕುವುದು ಕಷ್ಟ. ಕೋವಿಡ್ ಕಂಡ ಮೇಲೆ ಸ್ವಲ್ಪ ದಕ್ಕೀತು.

ಮಂಗಳೂರಿನ ಕೆಲಸ ಮುಗಿಸಿದ ಮೇಲೂ ಅವನನ್ನು ಇಟಲಿಗೆ ಬಿಡಲಿಲ್ಲ. ಮುಂಬಯಿಯ ಹೋಲಿ ನೇಮ್ ಚರ್ಚಿನ ಒಳಗೋಡೆಗಳು ಅವನದೇ. ಕೊನೆಗೆ ಕೊಚ್ಚಿಯ ಸಾಂತಾ ಕ್ರೂಸ್. ಅಲ್ಲಿ ಮಂಗಳೂರಿನ ಶಿಷ್ಯ ದ ಗಾಮಾ ಜೊತೆಗಿದ್ದ. ಕಂಬ, ಮಾಡು, ಪೀಠದ ಹಿಂದಿನ ಚಿತ್ರಗಳನ್ನು ಬರೆದು ಮುಗಿಸುವ ಹೊತ್ತಿಗೆ ಮೊಸ್ಕೇನಿಯ ದೇಹ ಸೋತಿತ್ತು. 1905ರ ನವೆಂಬರ್ 19ರಂದು ಆ ಚರ್ಚಿನ ಪ್ರತಿಷ್ಠಾಪನೆ ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು ಅವನು ಕೊಚ್ಚಿಯಲ್ಲಿ ತೀರಿಕೊಂಡಿದ್ದ. ವಯಸ್ಸು 51. ಭಾರತದಲ್ಲಿ ಇದ್ದದ್ದು ಹತ್ತು ವರ್ಷವೂ ಇಲ್ಲ. ಮಂಗಳೂರಿನ ಚಿತ್ರಗಳು ತೇವ ತಿಂದು ಮಾಸಿದಾಗ 1990ರ ದಶಕದ ಮೊದಲ ಭಾಗದಲ್ಲಿ ಇಂಟಾಕ್ ಸಂಸ್ಥೆಯವರು ಅವನ್ನು ತೊಳೆದು ಉಳಿಸಿದರು.

ಮೊಸ್ಕೇನಿ ಸಂತನೇನೂ ಆಗಲಿಲ್ಲ. ಬ್ರದರುಗಳಲ್ಲಿ ಸಂತರಾದವರನ್ನು ನೋಡಿದರೆ ಹೆಚ್ಚಿನವರದು ಬಡವರ ಕಸುಬು: ಕುರಿ ಕಾಯುತ್ತಿದ್ದ ಪಾಸ್ಕಲ್ ಬೈಲೋನ್, ದರ್ಜಿ ಜೆರಾರ್ಡ್ ಮಜೆಲ್ಲಾ, ಲಿಮಾದ ಕ್ಷೌರಿಕ ಮಾರ್ಟಿನ್ ದ ಪೋರೆಸ್, ರೋಮಿನ ಬೀದಿಗಳಲ್ಲಿ ಭಿಕ್ಷೆ ಎತ್ತಿ ಮಠ ಸಾಕಿದ ಫೆಲಿಕ್ಸ್, ಆಲ್ಟೊಟಿಂಗಿನ ಬಾಗಿಲು ಕಾಯ್ದ ಕಾನ್ರಾಡ್. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ತಾಯಿಯ ಮಗನಾದ ಮಾರ್ಟಿನನಿಗೆ ಮೊದಮೊದಲು ಪೂರ್ಣ ಬ್ರದರ್ ಆಗಲೂ ಅವಕಾಶವಿರಲಿಲ್ಲ. ಸಂತನೆಂದು ಸಾರಿದ್ದು 1962ರಲ್ಲಿ, ಸತ್ತು 323 ವರ್ಷಕ್ಕೆ. ಮಜೆಲ್ಲಾನಿಗಂತೂ ಬಸುರಿಯರ ಪಾಲಕನೆಂಬ ಇನ್ನೂ ದೊಡ್ಡ ಹುದ್ದೆ ಸಿಕ್ಕಿತು. ಮಂಗಳೂರು, ಗೋವೆಯ ಮನೆಗಳಲ್ಲಿ ಅವನ ಪಟ ಇರುವುದು ಅದಕ್ಕಾಗಿ. ಅವನು ಬ್ರದರ್ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಅಂದ ಹಾಗೆ, ಬಟ್ಟೆ ವ್ಯಾಪಾರಿಗಳ ಪಾಲಕ ಅಲ್ಫೋನ್ಸೊ ಅಲ್ಲ. ಆ ಜಾಗ 1197ರಲ್ಲಿ ಸತ್ತ ಕ್ರೆಮೋನಾದ ಹೊಮೊಬೋನಸ್ ಎಂಬ ಬಟ್ಟೆ ವ್ಯಾಪಾರಿಗೆ ಮೊದಲೇ ಹೋಗಿತ್ತು. ಅವನು ವ್ಯಾಪಾರದಲ್ಲಿ ಗೆದ್ದವನು.

ನಮ್ಮ ಕಡೆ ಕ್ಯಾಥೊಲಿಕರ ಹಳೆಯ ನೆಲೆ ಎಂದರೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು. ಆದಿಲಶಾಹಿಗಳ ಕಾಲದಿಂದಲೂ ಅಲ್ಲಿ ಅವರ ಸಮುದಾಯವಿದೆ. ಬೆಳಗಾವಿ ಧರ್ಮಪ್ರಾಂತ ಆದದ್ದು ಬಹಳ ಈಚೆಗೆ, 1953ರಲ್ಲಿ. ಗುಳೇದಗುಡ್ಡದ ನೇಕಾರರ ನಡುವೆ 19ನೇ ಶತಮಾನದಲ್ಲಿ ಬೇರೂರಿದ ಬಾಸೆಲ್ ಮಿಷನ್ ಪ್ರಾಟೆಸ್ಟಂಟರದು. ಅವರಲ್ಲಿ ಪಾಲಕ ಸಂತರೂ ಇಲ್ಲ, ವ್ರತ ತೊಟ್ಟ ಬ್ರದರುಗಳೂ ಇಲ್ಲ. ಕಸುಬುದಾರರನ್ನು ಮಾತ್ರ ಅವರೂ ಕಳಿಸಿದರು. ಅವರ ಮಂಗಳೂರಿನ ನೇಯ್ಗೆ ಕಾರ್ಖಾನೆಯ ಹಾಲರ್ ಎಂಬ ನೇಕಾರನೇ ಖಾಕಿ ಬಣ್ಣ ಕಂಡುಹಿಡಿದವನೆಂದು ಅಲ್ಲಿನವರು ಹೇಳುತ್ತಾರೆ. ಪೊಲೀಸರು ತೊಟ್ಟ ಆ ಬಟ್ಟೆಯ ಹಿಂದೆಯೂ ಒಬ್ಬ ದೀಕ್ಷೆಯಿಲ್ಲದ ಮಿಷನರಿ.

ಬ್ರದರುಗಳ ಸ್ಥಾನ ಬದಲಾಗತೊಡಗಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ಹೊತ್ತಿಗೆ. 1965ರಲ್ಲಿ ಸನ್ಯಾಸಿ ಜೀವನದ ಬಗ್ಗೆ ಹೊರಟ ಆದೇಶ, ಅವರನ್ನು ಸಂಘದ ಬದುಕಿನ ನಡುವಿಗೇ ತರಬೇಕೆಂದು ಹೇಳಿತು. ಬೇರೆ ಊಟದ ಮೇಜುಗಳು ಹೋದವು. ಓದಬಾರದೆಂಬ ಗೆರೆಯೂ ಅಳಿಸಿತು. ಇಂದು ಯೇಸುಸಭೆಯ ಬ್ರದರುಗಳಲ್ಲಿ ವಿಜ್ಞಾನಿಗಳಿದ್ದಾರೆ, ಪ್ರಾಧ್ಯಾಪಕರಿದ್ದಾರೆ. ಅದೇ ಹೊತ್ತಿಗೆ ಬ್ರದರ್ ಆಗಲು ಬರುವವರ ಸಂಖ್ಯೆ ಇಳಿಯಿತು. ಓದಿದವನಿಗೆ ಪಾದ್ರಿಯಾಗುವ ದಾರಿ ತೆರೆದಿರುವಾಗ ಬ್ರದರ್ ಏಕಾಗಬೇಕೆಂಬ ಪ್ರಶ್ನೆಗೆ ಸಂಘಗಳ ಬಳಿ ಸುಲಭದ ಉತ್ತರವಿಲ್ಲ. 35ನೇ ವಯಸ್ಸಿನಲ್ಲಿ, ಕೈತುಂಬ ಸಂಪಾದನೆ ಬಿಟ್ಟು, ಮೊಸ್ಕೇನಿ ಏಕೆ ಅದನ್ನೇ ಆರಿಸಿಕೊಂಡನೆಂಬುದಕ್ಕೂ ಅವನ ಗೋಡೆಗಳ ಹೊರತು ಉತ್ತರ ಸಿಗುವುದಿಲ್ಲ.

ಅಧಿಕಾರದ ಬಾಗಿಲು ಇನ್ನೂ ತಡವಾಗಿ ತೆರೆಯಿತು. ಪಾದ್ರಿಗಳಿರುವ ಸಂಘದಲ್ಲಿ ಬ್ರದರ್ ಒಬ್ಬ ಮುಖ್ಯಸ್ಥನಾಗುವಂತಿರಲಿಲ್ಲ. 2022ರ ಮೇ 18ರಂದು, ತಾನೂ ಯೇಸುಸಭೆಯವನೇ ಆದ ಪೋಪ್ ಫ್ರಾನ್ಸಿಸ್ ಆ ಕಟ್ಟನ್ನು ಸಡಿಲಿಸಿದ. ಒಂದು ಮಠದ ಮಟ್ಟದಲ್ಲಾದರೆ ಸಂಘದ ಮಹಾಮುಖ್ಯಸ್ಥ ತನ್ನ ಸಮಿತಿಯ ಒಪ್ಪಿಗೆ ಪಡೆದು ಬ್ರದರನ್ನು ನೇಮಿಸಬಹುದು. ಇಡೀ ಪ್ರಾಂತದ ಮುಖ್ಯಸ್ಥನಾಗಬೇಕಾದರೆ ಮಾತ್ರ ಇನ್ನೂ ರೋಮಿನಿಂದ ಲಿಖಿತ ಅನುಮತಿ ತರಿಸಬೇಕು.